ಮಾಣಿಕಮ್ಮನ ಕಟ್ಟಳೆಗಳು

ಹುಮನಾಬಾದಿನ ಹಳೆಯ ಬಜಾರಿನ ಹಿಂಬದಿಯಲ್ಲಿ ಇಪ್ಪತ್ತು ಹಾಸಿಗೆಗಳ ಒಂದು ಹೆರಿಗೆ ಆಸ್ಪತ್ರೆ ಇದೆ. ಎಪ್ಪತ್ತು ವರ್ಷಗಳ ಹಿಂದೆ ಊರಿನ ವ್ಯಾಪಾರಸ್ಥರು ಸೇರಿ ಕಟ್ಟಿಸಿದ್ದು. ಯಶೋದಾಬಾಯಿ ಅಲ್ಲಿ ಇಪ್ಪತ್ತೆರಡು ವರ್ಷಗಳಿಂದ ಆಯಾ. ಆಪರೇಷನ್ ಕೋಣೆಯ ನೆಲ ಒರೆಸುವುದು, ಹುಟ್ಟಿದ ಕೂಸನ್ನು ಬೆಚ್ಚಗೆ ಸುತ್ತಿ ಅಜ್ಜಿಯ ಕೈಗೆ ಕೊಡುವುದು, ಒಳಗೆ ಕೆಲಸ ನಡೆಯುವಾಗ ಬಾಗಿಲು ಕಾಯುವುದು ಅವಳ ಪಾಲಿನ ಕೆಲಸ. ಗಂಡ ಪಾಂಡುರಂಗ ಅದೇ ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಕುದಿಸಿ, ಒಗೆದು, ಇಸ್ತ್ರಿ ಮಾಡುತ್ತಾನೆ.

ಯಶೋದಾಬಾಯಿಯ ತವರು ದುಬಲಗುಂಡಿ. ಅಜ್ಜನ ಕಾಲದಿಂದಲೂ ಅವರದು ಕ್ರೈಸ್ತರ ಮನೆ. ಐತವಾರ ಬೆಳಿಗ್ಗೆ ಆರಾಧನೆಗೆ ಮುಂಚೆ ಮಕ್ಕಳನ್ನು ಕೂಡಿಸಿಕೊಂಡು ಕಥೆ ಹೇಳುವ ಕೆಲಸವನ್ನು ಪಾಸ್ಟರ್ ಸೂರ್ಯಕಾಂತ ಅವರು ಅವಳಿಗೆ ಒಪ್ಪಿಸಿ ಹದಿನೈದು ವರ್ಷವಾಗಿತ್ತು. "ನಾ ಹೇಳಿದ್ರ ಹುಡುಗ್ರು ಆಕಳಿಸ್ತಾವ ಯಶೋದಾಬಾಯಿ, ನೀ ಹೇಳಿದ್ರ ಕಣ್ಣು ಪಿಳುಕಿಸದ ಕೇಳ್ತಾವ," ಎಂದಿದ್ದರು ಅವರು. ಆಕೆಗೆ ಓದು ಬರುತ್ತಿದ್ದುದು ಅಷ್ಟಕ್ಕಷ್ಟೆ. ಆದರೆ ಒಮ್ಮೆ ಕೇಳಿದ ಕಥೆ ಮನಸ್ಸಿನಲ್ಲಿ ಕೂತರೆ ಅಲ್ಲಿಂದ ಏಳುತ್ತಿರಲಿಲ್ಲ.

ಆಸ್ಪತ್ರೆಗೆ ಡಾಕ್ಟರ್ ಅಂಬರೀಷ ಬಂದು ಒಂದು ವರ್ಷವಾಗಿತ್ತು. ಬಸವಕಲ್ಯಾಣದವರು, ಮೂವತ್ತಾರರ ವಯಸ್ಸು, ಚುರುಕು ಕೈ. ಹಿಂದಿನ ಡಾಕ್ಟರು ಒಂದು ಗಂಟೆ ಹಿಡಿಯುತ್ತಿದ್ದ ಆಪರೇಷನ್ನನ್ನು ಇವರು ಮುಕ್ಕಾಲು ಗಂಟೆಯಲ್ಲಿ ಮುಗಿಸುತ್ತಿದ್ದರು. ಊರು ಅವರನ್ನು ಹೊಗಳಿತು. ರಾಜೇಶ್ವರದಿಂದ, ಹಳ್ಳಿಖೇಡದಿಂದ ಜನ ಬರತೊಡಗಿದರು. ಜನ ಹೆಚ್ಚಿದಂತೆ ಅವಸರವೂ ಹೆಚ್ಚಿತು. ಡಾಕ್ಟರು ಕಿವಿಗೆ ಫೋನು ಹಿಡಿದೇ ಆಪರೇಷನ್ ಕೋಣೆಗೆ ಬರುತ್ತಿದ್ದರು. ಕೈಯ ಗಡಿಯಾರವನ್ನು ಒಳಗೆ ಬಂದ ಮೇಲೆ ಬಿಚ್ಚಿ ಕಿಟಕಿಯಲ್ಲಿಡುತ್ತಿದ್ದರು. ಯಶೋದಾಬಾಯಿ ನೋಡುತ್ತಿದ್ದಳು. ಹೇಳಲು ತಾನ್ಯಾರು ಎಂದುಕೊಂಡು ಸುಮ್ಮನಿರುತ್ತಿದ್ದಳು.

ಶ್ರಾವಣದಲ್ಲಿ ಇಬ್ಬರು ಬಾಣಂತಿಯರ ಹೊಲಿಗೆ ಕೀವಾಯಿತು. ಒಬ್ಬಳಿಗೆ ಎಂಟು ದಿನ ಜ್ವರ ಇಳಿಯಲಿಲ್ಲ, ಕೂಸಿಗೆ ಹಾಲು ಕೊಡಲಾಗದೆ ಅಳುತ್ತಾ ಮಲಗಿದ್ದಳು. ಮೂರನೆಯವಳಿಗೂ ಅದೇ ಆದಾಗ ಡಾಕ್ಟರು ಎಲ್ಲರನ್ನೂ ಕರೆದು ಬೈದರು. ನರ್ಸ್ ಕಾಜಲಳಿಗೆ, ಪಾಂಡುರಂಗನಿಗೆ, ಯಶೋದಾಬಾಯಿಗೆ ಸರದಿಯಂತೆ ಬೈಗುಳ ಬಿತ್ತು. "ಬಟ್ಟಿ ಬರೋಬ್ಬರಿ ಕುದಸ್ತೀರೋ ಇಲ್ಲೋ? ನೆಲಕ್ಕ ಔಷಧ ಹಾಕ್ತೀರೋ ಇಲ್ಲೋ?" ಪಾಂಡುರಂಗ ಅಂದು ಸಂಜೆ ಊಟ ಮಾಡಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ಬಟ್ಟೆಯನ್ನೂ ಕುದಿಸದೆ ಕಳಿಸಿದವನಲ್ಲ ಅವನು.

ಆಪರೇಷನ್ ಕೋಣೆಯ ಗೋಡೆಗಳ ಗಿಲಾವು ಅಲ್ಲಲ್ಲಿ ಉದುರಿ ಸಂದಿ ಬಿದ್ದಿತ್ತು. ಸೋಂಕು ಅಲ್ಲಿಂದಲೇ ಇರಬಹುದೆಂದು ಡಾಕ್ಟರು ಒಂದು ವಾರ ಕೋಣೆ ಮುಚ್ಚಿಸಿ ಕೆಲಸ ಹಿಡಿಸಿದರು. ಗೌಂಡಿ ಸೈಫುದ್ದೀನ್ ಗೋಡೆಗೆ ಅಂಟಿದ್ದ ಹಳೆಯ ಮರದ ಕಪಾಟನ್ನು ಜರುಗಿಸಿದಾಗ ಹಿಂದಿನ ಗೂಡಿನಲ್ಲಿ ಮೇಣಬಟ್ಟೆಯ ಗಂಟೊಂದು ಸಿಕ್ಕಿತು. ಒಳಗೆ ಒಂದು ನೋಟುಬುಕ್ಕು. ಆಸ್ಪತ್ರೆಯ ಮೊದಲ ಮೇಟ್ರನ್ ಮಾಣಿಕಮ್ಮ ತಮ್ಮ ಕೈಯಾರೆ ಬರೆದಿಟ್ಟದ್ದು. ಮಾಣಿಕಮ್ಮನನ್ನು ಕಣ್ಣಾರೆ ಕಂಡವರು ಈಗ ಯಾರೂ ಉಳಿದಿರಲಿಲ್ಲ. ಅವರ ಕಾಲದಲ್ಲಿ ಬಾಣಂತಿಯರು ಸಾಯುತ್ತಿರಲಿಲ್ಲ ಎಂಬ ಮಾತು ಮಾತ್ರ ಊರಿನ ಮುದುಕಿಯರ ಬಾಯಲ್ಲಿ ಉಳಿದಿತ್ತು.

ಯಶೋದಾಬಾಯಿ ಚಹಾ ತೆಗೆದುಕೊಂಡು ಹೋದಾಗ ಡಾಕ್ಟರು ಆ ನೋಟುಬುಕ್ಕನ್ನು ಮೇಜಿನ ಮೇಲೆ ಬಿಡಿಸಿಟ್ಟು ಕೂತಿದ್ದರು. ಮುಖದ ಬಣ್ಣ ಇಳಿದಿತ್ತು.

"ಕೂಡ್ರಿ ಬಾಯಿ," ಎಂದರು. ಆ ಕೋಣೆಯಲ್ಲಿ ಅವಳಿಗೆ ಯಾರೂ ಹಾಗೆ ಹೇಳಿರಲಿಲ್ಲ. ಅವಳು ಕೂಡಲಿಲ್ಲ, ಗೋಡೆಗೆ ಆತು ನಿಂತಳು.

"ಕೇಳ್ರಿ. ಒಂದನೇದು. ಯಾರು ಎಲ್ಲರಿಗಿಂತ ದೊಡ್ಡವರೋ ಅವರು ಎಲ್ಲರಿಗಿಂತ ಮೊದಲು ಕೈ ತೊಳೆಯಬೇಕು, ಉಳಿದವರು ನೋಡುವಂತೆ ತೊಳೆಯಬೇಕು." ಹಾಳೆ ತಿರುವಿದರು. "ಐದನೇದು. ಬಾಗಿಲಲ್ಲಿ ನಿಂತ ಆಯಾ ಯಾರನ್ನು ಬೇಕಾದರೂ ತಡೆಯಬಹುದು, ವೈದ್ಯರನ್ನು ಸಹ. ತಡೆದುದಕ್ಕೆ ಆಕೆಯನ್ನು ಯಾರೂ ಗದರಿಸಕೂಡದು." ಮತ್ತೊಂದು ಹಾಳೆ. "ಒಂಬತ್ತನೇದು. ಉಗುರುಸುತ್ತು, ಹುಣ್ಣು, ಕೀವು ಇರುವ ಕೈ ಒಳಗೆ ಬರಕೂಡದು. ಗ್ಲೌಸು ತೊಟ್ಟರೂ ಬರಕೂಡದು." ನೋಟುಬುಕ್ಕು ಮುಚ್ಚಿದರು. "ಹಿಂಗ ಹದಿನಾಲ್ಕು ಅವ. ಇವೆಲ್ಲಾ ನನಗ ಕಾಲೇಜಿನ್ಯಾಗ ಕಲಿಸಿದ್ರು ಬಾಯಿ. ಈಕಿ ಎಪ್ಪತ್ತು ವರ್ಷದ ಹಿಂದ ಇದೇ ಗ್ವಾಡಿ ಒಳಗ ನಿಂತು ಮಾಡಿ ತೋರಿಸ್ಯಾಳ. ನಾ ಗ್ವಾಡಿಗೆ ಸಂದಿ ಬಿದ್ದಾವ ಅಂತ ನಿಮಗೆಲ್ಲಾ ಬೈಕೋತ ಕುಂತೆ."

ಯಶೋದಾಬಾಯಿಯ ಮುಖದಲ್ಲಿ ಸಣ್ಣ ನಗು ಮೂಡಿದ್ದನ್ನು ಅವರು ಕಂಡರು. "ಯಾಕ ನಗಾಕತ್ತೀರಿ?"

"ತಪ್ಪು ತಿಳೀಬ್ಯಾಡ್ರಿ ಸಾಬ್. ಒಬ್ಬ ರಾಜಾ ನೆಪ್ಪಾದ."

"ಯಾವ ರಾಜಾ?"

ಅವಳು ಹೇಳಿದಳು. ಸಾವಿರಾರು ವರ್ಷಗಳ ಹಿಂದೆ ಇಸ್ರಾಯೇಲರ ಕುಲದಲ್ಲಿ ಯೋಷೀಯ ಎಂಬ ಅರಸನಿದ್ದ. ಎಂಟು ವರ್ಷದವನಿದ್ದಾಗ ಪಟ್ಟಕ್ಕೆ ಬಂದವನು. ಅವನ ತಂದೆ, ಅಜ್ಜ ದೇವರ ಮಾತನ್ನು ಮೂಲೆಗಿಟ್ಟು ಮನಸ್ಸಿಗೆ ಬಂದಂತೆ ಆಳಿದ್ದರು. ಇವನು ದೊಡ್ಡವನಾದ ಮೇಲೆ ಹಾಳುಬಿದ್ದ ದೇವಾಲಯವನ್ನು ದುರಸ್ತಿ ಮಾಡಿಸಲು ಬಡಗಿಗಳನ್ನೂ ಗೌಂಡಿಗಳನ್ನೂ ಹಚ್ಚಿದ. ಆ ದುರಸ್ತಿಯಲ್ಲಿ ಧರ್ಮಶಾಸ್ತ್ರದ ಒಂದು ಸುರುಳಿ ಸಿಕ್ಕಿತು. ಅಂಥದ್ದೊಂದು ಇದೆ ಎಂಬುದೇ ಜನಕ್ಕೆ ಮರೆತುಹೋಗಿತ್ತು.

"ಅದನ್ನ ರಾಜನ ಮುಂದ ಓದಿದ್ರು ಸಾಬ್. ಕೇಳಿದ ತಕ್ಷಣ ರಾಜಾ ಮೈಮ್ಯಾಲಿನ ಬಟ್ಟಿ ಹರಕೊಂಡ. ನಾವು ಯಾರೂ ಹಿಂಗ ನಡದಿಲ್ಲಲ್ಲ ಅಂತ ಅತ್ತ. ಹಿರ್‍ಯಾರು ಮಾಡಿದ ತಪ್ಪದು, ನಂದಲ್ಲ ಅನ್ಲಿಲ್ಲ. ಮುಂದೇನು ಮಾಡಬೇಕು ಅಂತ ಕೇಳಲಾಕ ಯಾರ ಹಂತ್ಯಾಕ ಮಂದಿ ಕಳಿಸಿದ ಗೊತ್ತದ ಏನ್ರಿ? ಹುಲ್ದಾ ಅಂತ ದೇವರ ಮಾತು ಹೇಳೋ ಒಬ್ಬಾಕಿ ಹೆಣ್ಮಗಳ ಹಂತ್ಯಾಕ. ಆಕಿ ಗಂಡ ಅರಮನಿ ಬಟ್ಟಿ ನೋಡ್ಕೊಳ್ಳಾವ." ಇಲ್ಲಿ ಯಶೋದಾಬಾಯಿಗೆ ಯಾವಾಗಲೂ ಸ್ವಲ್ಪ ಹೆಮ್ಮೆ. ಪಾಂಡುರಂಗನ ಕೆಲಸವೂ ಬಟ್ಟೆಯದೇ ಅಲ್ಲವೇ. "ಆಕಿ ಮಾತಿಗೆ ರಾಜಾ ತಲಿ ಬಾಗಿಸಿದ. ಆಮ್ಯಾಲ ಸಣ್ಣವರು ದೊಡ್ಡವರು ಎಲ್ಲಾರನ್ನೂ ಕೂಡಿಸಿ ಆ ಸುರುಳಿ ತಾನೇ ಓದಿ ಹೇಳಿದ. ನೀವು ಮಾಡ್ರಿ ಅಂತ ಮೊದಲು ಹೇಳ್ಲಿಲ್ಲ. ತಾ ಮಾಡ್ತೀನಿ ಅಂತ ಮೊದಲು ಮಾತು ಕೊಟ್ಟ. ಆವಾಗ ಮಂದಿ ಎದ್ದು ನಿಂತು ನಾವೂ ಮಾಡ್ತೀವಿ ಅಂದ್ರು."

ಡಾಕ್ಟರು ತಣ್ಣಗಾದ ಚಹಾ ಕುಡಿದರು. "ಆಮ್ಯಾಲೇನಾತು ಆ ರಾಜಂದು?"

"ಛಲೋ ಆಳಿದ್ರಿ. ಅಂಥಾ ಅರಸ ಅವನಕಿಂತ ಮೊದಲೂ ಇರ್ಲಿಲ್ಲ, ಆಮ್ಯಾಲೂ ಬರ್ಲಿಲ್ಲ ಅಂತಾರ," ಎಂದು ಯಶೋದಾಬಾಯಿ ಕಪ್ಪು ತೆಗೆದುಕೊಂಡು ಹೊರಟಳು. ಕಥೆಯ ಕೊನೆಯನ್ನು ಅವಳು ಮಕ್ಕಳಿಗೂ ಹೇಳುತ್ತಿರಲಿಲ್ಲ. ಡಾಕ್ಟರಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರು ಆಸ್ಪತ್ರೆಯ ಎಲ್ಲರನ್ನೂ ಅಂಗಳಕ್ಕೆ ಕರೆದರು. ನರ್ಸುಗಳು, ಅಡುಗೆಯವಳು, ಆಂಬುಲೆನ್ಸಿನ ಫಿರೋಜ್, ಗೇಟಿನವನು, ಸುಣ್ಣ ಮೆತ್ತಿದ ಕೈಯಲ್ಲಿ ಸೈಫುದ್ದೀನ್ ಕೂಡ. ಹದಿನಾಲ್ಕು ಕಟ್ಟಳೆಗಳನ್ನೂ ತಾವೇ ನಿಂತು ಓದಿದರು. ಓದಿ ಮುಗಿಸಿ ಹೇಳಿದರು, "ಇದ್ರಾಗ ಆರು ಕಟ್ಟಳಿ ನಾ ದಿನಾ ಮುರಿದೀನಿ. ಬಾಣಂತ್ಯಾರಿಗೆ ಕೀವಾಗಿದ್ದಕ್ಕ ಪಾಂಡುರಂಗಗ ಬೈದೆ. ಅಂವ ಕುದಿಸಿದ ಬಟ್ಟಿ ಸ್ವಚ್ಛ ಇತ್ತು. ನನ್ನ ಗಡಿಯಾರ ಹೊಲಸಿತ್ತು." ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು, ಅಂಗಳದ ನಲ್ಲಿಯಲ್ಲಿ, ಎಲ್ಲರೂ ನೋಡುತ್ತಿರುವಂತೆ, ಮೊಣಕೈವರೆಗೆ ಐದು ನಿಮಿಷ ಕೈ ತೊಳೆದರು. ಆಮೇಲೆ ಯಶೋದಾಬಾಯಿಯ ಮುಂದೆ ಬಂದು ಎರಡೂ ಕೈ ಚಾಚಿದರು. ಅವಳು ನಾಚಿಕೆಯಿಂದ ಸೆರಗು ಹಿಡಿದುಕೊಂಡು, ಉಗುರುಗಳನ್ನು ಒಂದೊಂದಾಗಿ ನೋಡಿ, "ಹೋಗ್ರಿ ಒಳಗ," ಎಂದಳು.

ಅಂದಿನಿಂದ ಅದೇ ಪದ್ಧತಿಯಾಯಿತು. ಡಾಕ್ಟರು ಪ್ರತಿ ಆಪರೇಷನ್ನಿಗೂ ಬಾಗಿಲಲ್ಲಿ ನಿಂತು ಕೈ ತೋರಿಸುತ್ತಿದ್ದರು. ಒಮ್ಮೆ ಕಿವಿಯ ಹಿಂದೆ ಪೆನ್ನು ಸಿಕ್ಕಿಸಿಕೊಂಡು ಬಂದಾಗ ಯಶೋದಾಬಾಯಿ ಬಾಗಿಲಿಗೆ ಅಡ್ಡ ನಿಂತಳು. ಡಾಕ್ಟರು ಹಿಂತಿರುಗಿ ಮತ್ತೆ ಮೊದಲಿನಿಂದ ಕೈ ತೊಳೆದುಬಂದರು. ಅದನ್ನು ಕಂಡ ಮೇಲೆ ಕಾಜಲಳೂ ಬಳೆ ತೆಗೆದಿಡಲು ಎರಡನೆಯ ಮಾತು ಆಡಲಿಲ್ಲ. ನಾಲ್ಕು ತಿಂಗಳು ಒಂದು ಹೊಲಿಗೆಯೂ ಕೀವಾಗಲಿಲ್ಲ.

ಆಸ್ಪತ್ರೆಯ ಟ್ರಸ್ಟಿನ ಅಧ್ಯಕ್ಷರು ಮಹಾರುದ್ರಪ್ಪ ಸಾವಕಾರರು. ಬಜಾರಿನಲ್ಲಿ ದೊಡ್ಡ ಕಾಳಿನ ಅಂಗಡಿ, ಊರಲ್ಲಿ ತೂಕದ ಮಾತು. ಅವರ ಮಗ ಗುರುಲಿಂಗನ ಹೆಂಡತಿ ಪೂನಂ ಚೊಚ್ಚಲ ಬಸುರಿ. ಪೌಷದ ಒಂದು ಬೆಳಿಗ್ಗೆ ಅವಳಿಗೆ ನೋವು ಶುರುವಾಗಿ ಆಸ್ಪತ್ರೆಗೆ ಕರೆತಂದರು. ಮಧ್ಯಾಹ್ನ ಹನ್ನೆರಡರ ತನಕ ನೋವು ಬಂತು, ಕೂಸು ಮಾತ್ರ ಕೆಳಗಿಳಿಯಲಿಲ್ಲ. ಡಾಕ್ಟರು ನೋಡಿ ಸಿಜೇರಿಯನ್ ಮಾಡಬೇಕೆಂದರು. ಕೂಸಿನ ಎದೆಬಡಿತ ಸರಿಯಿತ್ತು. ಗಾಬರಿ ಬೇಡ, ಆದರೆ ತಡವೂ ಬೇಡ ಎಂದರು.

ಕಾಜಲ ಪೂನಂಳನ್ನು ಒಳಗೆ ಒಯ್ದಳು. ಡಾಕ್ಟರು ಕೈ ತೊಳೆದು ಬಾಗಿಲಿಗೆ ಬಂದರು. ಕೈ ಚಾಚಿದರು. ಆದರೆ ಅಂದು ಬಲಗೈಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಿದ್ದರು.

"ಬೆಳ್ಳ ಬಿಚ್ಚರಿ ಸಾಬ್."

ಅವರು ಬಿಚ್ಚಿದರು. ಹೆಬ್ಬೆರಳಿನ ಉಗುರಿನ ಬದಿ ಕೆಂಪಾಗಿ ಉಬ್ಬಿ, ಅಂಚಿನಲ್ಲಿ ಬಿಳಿ ಗೀರು ಕಾಣುತ್ತಿತ್ತು. ಉಗುರುಸುತ್ತು.

"ನಿನ್ನಿ ಸಂಜಿಗೆ ಸುರು ಆತು," ಎಂದರು ಡಾಕ್ಟರು ದನಿ ತಗ್ಗಿಸಿ. "ಎರಡು ಗ್ಲೌಸ್ ಹಾಕ್ಕೋತೀನಿ. ಏನೂ ಆಗಂಗಿಲ್ಲ. ಸರೀರಿ ಬಾಯಿ."

ಯಶೋದಾಬಾಯಿ ಒಂದು ಕೈಯಿಂದ ಗೋಡೆ ಹಿಡಿದಳು. ಒಳಗೆ ಪೂನಂ ನರಳುತ್ತಿದ್ದಳು. ಹೊರಗೆ ಬೆಂಚಿನಲ್ಲಿ ಸಾವಕಾರರು ಕೂತಿದ್ದರು. ಸರಿದುಬಿಟ್ಟರೆ ಯಾರೂ ಅವಳನ್ನು ಕೇಳುವವರಿರಲಿಲ್ಲ. ಆದರೆ ಎಂಟು ದಿನ ಜ್ವರದಲ್ಲಿ ಬೆಂದ ಆ ಬಾಣಂತಿಯ ಮುಖ ಕಣ್ಣೆದುರು ಬಂತು.

"ಆಗಂಗಿಲ್ರಿ ಸಾಬ್. ಒಂಬತ್ತನೇದು."

ಸಾವಕಾರರು ಎದ್ದು ಬಂದರು. "ಏನು ನಡದದ ಇಲ್ಲಿ? ಯಶೋದಾ, ಯಾಕ ಅಡ್ಡ ನಿಂತಿ? ನನ್ನ ಸೊಸಿ ಒಳಗ ಒದ್ದಾಡಾಕತ್ತಾಳ. ಡಾಕ್ಟರ್ ಸಾಹೇಬ್ರನ್ನ ತಡೀಲಾಕ ನೀ ಯಾರು? ಕಸಾ ಹೊಡಿಯಾಕಿ, ಕಸಾ ಹೊಡಿ."

ಯಶೋದಾಬಾಯಿ ಅವರತ್ತ ತಿರುಗಲಿಲ್ಲ. ಡಾಕ್ಟರನ್ನೇ ನೋಡುತ್ತಾ ಮೆಲ್ಲಗೆ ಹೇಳಿದಳು, "ಆ ರಾಜನ ಕಥಿ ನಿಮಗ ನಾ ಪೂರಾ ಹೇಳಿಲ್ರಿ ಸಾಬ್. ಅಷ್ಟು ಛಲೋ ಕೇಳಿದವ ಕಡೀಕ ಒಂದು ದಿನ ಕೇಳ್ಲಿಲ್ಲ. ಐಗುಪ್ತದ, ಅಂದ್ರ ಈಜಿಪ್ತಿನ, ಅರಸ ಬ್ಯಾರೆ ಕಡಿ ಯುದ್ಧಕ್ಕ ಹೊಂಟಿದ್ದ. ನಿನ್ನ ಜೋಡಿ ನಂದೇನೂ ಜಗಳಿಲ್ಲ, ಅಡ್ಡ ಬರಬ್ಯಾಡ, ನನಗ ದೇವರೇ ಕಳಿಸ್ಯಾನ ಅಂತ ಹೇಳಿ ಕಳಿಸಿದ. ಯೋಷೀಯ ಯಾರ ಬಾಯಿಂದ ಬಂತು ಅಂತ ನೋಡಿದ, ಮಾತು ಏನಂತ ನೋಡ್ಲಿಲ್ಲ. ವೇಷ ಮರಸ್ಕೊಂಡು ಹೋದ. ಬಾಣ ಬಡಿದು ಸತ್ತ. ಮೂವತ್ತೊಂಬತ್ತು ವರ್ಷದಾಂವ. ಊರೆಲ್ಲಾ ಅತ್ತಿತು."

ಡಾಕ್ಟರು ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. ಆ ಒಂದು ಗಳಿಗೆ ಯಶೋದಾಬಾಯಿಗೆ ಒಂದು ದಿನದಷ್ಟು ಉದ್ದವಾಯಿತು. ಬೈಯುತ್ತಾರೆ ಎಂದುಕೊಂಡಳು. ನೂಕಿ ಒಳಗೆ ಹೋಗುತ್ತಾರೆ ಎಂದುಕೊಂಡಳು.

ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದರು.

"ಸಾವಕಾರ್‍ರ, ಈಕಿಗೆ ಏನೂ ಅನಬ್ಯಾಡ್ರಿ. ನನ್ನನ್ನ ತಡಿ ಅಂತ ಈಕಿಗೆ ಹೇಳಿದಾಂವ ನಾನೇ. ನನ್ನ ಬೆಳ್ಳಿನ್ಯಾಗ ಕೀವು ಅದ. ಈ ಕೈ ನಿಮ್ಮ ಸೊಸಿ ಹೊಟ್ಟ್ಯಾಗ ಹಾಕಿದ್ರ ಆಕಿ ಜೀವಕ್ಕ ನಾನೇ ಕುತ್ತು ತಂದಂಗ." ಆಮೇಲೆ ಒಳಗೆ ಕೇಳುವಂತೆ ಕೂಗಿದರು, "ಕಾಜಲ, ಕೂಸಿನ ಎದಿಬಡಿತ ಐದೈದು ನಿಮಿಷಕ್ಕ ಹೇಳ್ತಾ ಇರು. ನಾ ಫರ್ಹೀನ್ ಮೇಡಂಗ ಫೋನ್ ಮಾಡ್ತೀನಿ."

ಡಾಕ್ಟರ್ ಫರ್ಹೀನ್ ಬಸವಕಲ್ಯಾಣದಲ್ಲಿ ಆಸ್ಪತ್ರೆ ಇಟ್ಟುಕೊಂಡವರು, ಅಂಬರೀಷರ ಜೊತೆ ಓದಿದವರು. ಪೂನಂಳನ್ನೇ ಅಲ್ಲಿಗೆ ಒಯ್ಯೋಣವೇ ಎಂದು ಗುರುಲಿಂಗ ಕೇಳಿದ. ನೋವಿನಲ್ಲಿರುವವಳನ್ನು ಕುಲುಕಾಡಿಸುವುದಕ್ಕಿಂತ ಮೇಡಂ ಬರುವುದೇ ಒಳ್ಳೆಯದು ಎಂದರು ಡಾಕ್ಟರು. ಹೆದ್ದಾರಿಯಲ್ಲಿ ಹೇಗೆ ಬಂದರೂ ಮುಕ್ಕಾಲು ಗಂಟೆಯ ದಾರಿ.

ಆ ಮುಕ್ಕಾಲು ಗಂಟೆ ಡಾಕ್ಟರು ಬಾಗಿಲ ಹೊಸ್ತಿಲು ದಾಟಲಿಲ್ಲ. ಸ್ಟೂಲ್ ಹಾಕಿಕೊಂಡು ಕೂತು, ಕಾಜಲ ಹೇಳುವ ಅಂಕಿಗಳನ್ನು ಕೇಳುತ್ತಾ, ಏನು ಮಾಡಬೇಕೆಂದು ಹೊರಗಿನಿಂದಲೇ ಹೇಳುತ್ತಿದ್ದರು. ನೂರಾ ನಲವತ್ತು. ನೂರಾ ಮೂವತ್ತೆಂಟು. ಒಮ್ಮೆ ನೂರಕ್ಕೆ ಇಳಿದಾಗ ಅವರು ಸ್ಟೂಲಿನಿಂದ ಅರ್ಧ ಎದ್ದರು. ಎಡಮಗ್ಗುಲಿಗೆ ಮಲಗಿಸು ಎಂದರು. ಮತ್ತೆ ಏರಿತು. ಯಶೋದಾಬಾಯಿ ಬಾಗಿಲಲ್ಲೇ ನಿಂತು ಮನಸ್ಸಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದಳು. ಕೂಸಿಗೆ ಏನಾದರೂ ಆದರೆ ಈ ಊರಿನಲ್ಲಿ ತನಗೆ ನಿಲ್ಲಲು ಜಾಗವಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಸಾವಕಾರರು ವರಾಂಡದ ಆ ತುದಿಯಿಂದ ಈ ತುದಿಗೆ ಅಡ್ಡಾಡುತ್ತಿದ್ದರು. ಪ್ರತಿ ಸಲ ಹತ್ತಿರ ಬಂದಾಗ ಅವಳನ್ನು ಉರಿಗಣ್ಣಿನಿಂದ ನೋಡುತ್ತಿದ್ದರು. ಒಮ್ಮೆ ನಿಂತು ಏನೋ ಅನ್ನಲು ಬಾಯಿ ತೆರೆದರು. ಸ್ಟೂಲಿನ ಮೇಲೆ ಕೈಕಟ್ಟಿ ಕೂತ ಡಾಕ್ಟರನ್ನು ಕಂಡು ಮತ್ತೆ ಅಡ್ಡಾಡತೊಡಗಿದರು.

ಫರ್ಹೀನ್ ಮೇಡಂ ಬಂದವರೇ ಚಪ್ಪಲಿ ಬಿಟ್ಟು, ಕೈ ತೊಳೆದು, ಬಾಗಿಲಿಗೆ ನಡೆದರು. ಅಂಬರೀಷರು, "ಮೊದಲು ಯಶೋದಾಬಾಯಿಗೆ ಕೈ ತೋರಸ್ರಿ," ಎಂದರು. ಮೇಡಂ ಹುಬ್ಬೇರಿಸಿದರು. ಆದರೂ ತೋರಿಸಿದರು. ಯಶೋದಾಬಾಯಿ ಹತ್ತೂ ಬೆರಳು ನೋಡಿ ಸರಿದು ದಾರಿ ಕೊಟ್ಟಳು.

ಇಪ್ಪತ್ತು ನಿಮಿಷಕ್ಕೆ ಕೂಸು ಅತ್ತಿತು. ಹೆಣ್ಣು. ಮೂರು ಕಿಲೋದ ಮೇಲೆ ತೂಕ, ತಲೆತುಂಬ ಕೂದಲು. ಯಶೋದಾಬಾಯಿ ಅದನ್ನು ಒರೆಸಿ, ಪಾಂಡುರಂಗ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದಾಗ ಗುರುಲಿಂಗ ಅಳುತ್ತಾ ನಗುತ್ತಿದ್ದ. ಸಾವಕಾರರು ಮೊಮ್ಮಗಳನ್ನು ಎತ್ತಿಕೊಳ್ಳಲು ಕೈ ಮುಂದೆ ಮಾಡಿದವರು ಹಾಗೇ ತಡೆದುಕೊಂಡರು. ಹೋಗಿ ನಲ್ಲಿಯಲ್ಲಿ ಕೈ ತೊಳೆದುಕೊಂಡು ಬಂದು, ಮತ್ತೆ ಚಾಚಿದರು.

ಎಲ್ಲ ಮುಗಿದ ಮೇಲೆ ಫರ್ಹೀನ್ ಮೇಡಂ ಅಂಬರೀಷರ ಹೆಬ್ಬೆರಳನ್ನು ಕೊಯ್ದು ಕೀವು ತೆಗೆದರು. ಬಟ್ಟಲಿಗೆ ಬಿದ್ದದ್ದನ್ನು ನೋಡಿ, "ಯಾ ಅಲ್ಲಾ, ಇಷ್ಟಿತ್ತಾ ಒಳಗ? ಗ್ಲೌಸ್ ಒಂದು ಸೂಜಿಮೊನಿ ಅಷ್ಟು ಹರಿದಿದ್ರೂ ಆ ಹುಡುಗಿ ಗತಿ ಏನಾಗ್ತಿತ್ತು ಅಂಬರೀಷ?" ಎಂದರು. ಅಂಬರೀಷರು ನೋವಿಗೆ ಹಲ್ಲುಕಚ್ಚಿ ಕೂತಿದ್ದರು. "ನನಗ ಗೊತ್ತಿತ್ತು. ಗೊತ್ತಿದ್ದೂ ಹೊಂಟಿದ್ದೆ. ಸಾವಕಾರ್‍ರ ಸೊಸಿ ಅಂತ ಅಂಜಿದ್ದೆ," ಎಂದರು. ಬಟ್ಟಲು ಹಿಡಿದು ನಿಂತಿದ್ದ ಯಶೋದಾಬಾಯಿಗೆ ಆ ಮಾತು ಕೇಳಿ ಅವರ ಮೇಲೆ ಇನ್ನಷ್ಟು ಗೌರವ ಬಂತು. ಅಂಜಿದ್ದೆ ಎಂದು ತಾವಾಗಿ ಒಪ್ಪಿಕೊಂಡ ಡಾಕ್ಟರನ್ನು ಅವಳು ನೋಡಿದ್ದು ಅದೇ ಮೊದಲು.

ಪೂನಂಗೆ ಜ್ವರ ಬರಲಿಲ್ಲ. ಆರನೆಯ ದಿನ ಹೊಲಿಗೆ ಒಣಗಿ ಮನೆಗೆ ಹೋದಳು. ಹೋಗುವಾಗ ಸಾವಕಾರರು ಯಶೋದಾಬಾಯಿಯ ಹತ್ತಿರ ಬಂದು ನಿಂತರು. ಕ್ಷಮೆ ಕೇಳುವ ರೂಢಿ ಅವರಿಗಿರಲಿಲ್ಲ. ಸ್ವಲ್ಪ ಹೊತ್ತು ಶಲ್ಯ ಸರಿಪಡಿಸಿಕೊಂಡು, "ಅವತ್ತ ನಾ ಜರಾ ಜಾಸ್ತಿ ಅಂದೆ ಯಶೋದಾಬಾಯಿ," ಎಂದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಅವಳ ಹೆಸರಿಗೆ 'ಬಾಯಿ' ಸೇರಿಸಿರಲಿಲ್ಲ. "ಇರಲಿ ಬಿಡ್ರಿ ಸಾವಕಾರ್‍ರ, ಮನಿ ಮಗಳು ಒಳಗಿದ್ರ ಯಾರಿಗಿ ಸಮಾಧಾನ ಇರ್ತದ," ಎಂದಳು ಅವಳು.

ಫರ್ಹೀನ್ ಮೇಡಂ ಮಾಣಿಕಮ್ಮನ ನೋಟುಬುಕ್ಕಿನ ಹಾಳೆಗಳನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋಗಿದ್ದರು. ಹದಿನೈದು ದಿನಕ್ಕೆ ಡಾಕ್ಟರಿಗೆ ಅವರ ಫೋನು ಬಂತು. "ಹಾಳಿ ಓದಿ ಹೇಳಿದೆ, ನಮ್ಮ ಆಸ್ಪತ್ರಿ ಮಂದಿ ಹೂಂ ಅಂದ್ರು. ಬಾಗಲ್ದಾಗ ನಿಲ್ಲಾಕ ಮಾತ್ರ ಯಾರೂ ತಯಾರಿಲ್ಲ. ನಿಮ್ಮ ಯಶೋದಾಬಾಯಿಗೆ ಒಂದು ದಿನ ಕಳಸ್ರಿ."

ಬುಧವಾರ ಯಶೋದಾಬಾಯಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಸವಕಲ್ಯಾಣದ ಬಸ್ಸು ಹತ್ತಿದಳು. ಆಯಾ ಆದವಳು ಬೇರೆ ಊರಿಗೆ ಕಲಿಸಲು ಹೋಗುವುದೆಂದರೆ ಪಾಂಡುರಂಗನಿಗೆ ನಂಬಿಕೆಯೇ ಬಂದಿರಲಿಲ್ಲ. ಅವನು ಬಸ್‌ಸ್ಟ್ಯಾಂಡಿನ ತನಕ ಬಂದು ಕಿಟಕಿಯ ಸೀಟು ಹಿಡಿದುಕೊಟ್ಟ.

ಫರ್ಹೀನ್ ಮೇಡಂ ಅವರ ಆಸ್ಪತ್ರೆಯಲ್ಲಿ ನಾಲ್ವರು ಆಯಾಗಳು ಕೂತು ಕಾಯುತ್ತಿದ್ದರು. ಎಲ್ಲರಿಗಿಂತ ಚಿಕ್ಕವಳು ಅಲ್ಮಾಸ್, ಕೆಲಸಕ್ಕೆ ಸೇರಿ ಆರು ತಿಂಗಳಾದವಳು. ಅವಳೇ ಮೊದಲು, ಚಿಕ್ಕಮ್ಮನನ್ನು ಮಾತಾಡಿಸುವಂತೆ, ಕೇಳಿದಳು, "ಅಷ್ಟು ದೊಡ್ಡ ಡಾಕ್ಟರ್‍ನ ತಡಿಯೋವಾಗ ನಿಮಗ ಅಂಜಿಕಿ ಬರ್ಲಿಲ್ಲೇನ್ರಿ ಖಾಲಾ?"

"ಬಂತವ್ವಾ. ಗ್ವಾಡಿ ಹಿಡ್ಕೊಂಡಿದ್ದೆ."

"ಮತ್ತ ಹ್ಯಾಂಗ ನಿಂತ್ರಿ?"

"ನಾ ನಿಂತಿದ್ದು ದೊಡ್ಡದಲ್ಲ. ನಾಕು ತಿಂಗಳು ದಿನಾ ಬಂದು ನನ್ನ ಮುಂದ ಕೈ ಚಾಚಿದ್ರು ಅವ್ರು. ಕೇಳ್ತಾರ ಅಂತ ಒಳಗೊಳಗ ಧೈರ್ಯ ಬಂದಿತ್ತು. ಹಂಗ ಕೇಳೋರಿದ್ರ ಮಾತ್ರ ನಮ್ಮಂಥವ್ರ ಬಾಯಿಂದ ಮಾತು ಹೊರಗ ಬರ್ತದ."

ಬಾಗಿಲ ಬಳಿ ನಿಂತು ಕೇಳುತ್ತಿದ್ದ ಫರ್ಹೀನ್ ಮೇಡಂ ಬಳೆ, ಉಂಗುರ, ಗಡಿಯಾರ ಒಂದೊಂದಾಗಿ ಬಿಚ್ಚಿ ಮೇಜಿನ ಮೇಲಿಟ್ಟು ನಲ್ಲಿಯ ಕಡೆಗೆ ನಡೆದರು. ಆಯಾಗಳು ನಾಲ್ವರೂ ಎದ್ದು ಅವರು ತೊಳೆಯುವುದನ್ನೇ ನೋಡುತ್ತಾ ನಿಂತರು. ತೊಳೆದು ಬಂದ ಮೇಡಂ ಅಲ್ಮಾಸಳ ಮುಂದೆ ನಿಂತು ಒದ್ದೆ ಕೈಗಳನ್ನು ಚಾಚಿದರು.

ಅಲ್ಮಾಸ್ ಯಶೋದಾಬಾಯಿಯ ಕಡೆ ನೋಡಿದಳು. ಯಶೋದಾಬಾಯಿ ಕಣ್ಣಲ್ಲೇ ಹೂಂ ಎಂದಳು. ಹುಡುಗಿ ಬಗ್ಗಿ, ಒಂದೊಂದೇ ಬೆರಳನ್ನು ನೋಡುತ್ತಾ ಹೋಗಿ ಕಿರುಬೆರಳಿಗೆ ಬಂದಾಗ ತಡೆದಳು.

"ಮೇಡಂ," ಎಂದಳು ಮೆಲ್ಲಗೆ, "ಇಲ್ಲಿ ಉಗುರಿನ ಕೆಳಗ ಜರಾ ಮೆಹೆಂದಿ ಉಳದದ. ಅದರ ಸಂಗಟ ಹೊಲಸು ಕುಂತದ. ಇನ್ನೊಮ್ಮಿ ತೊಳೀರಿ."